ನೆಲ ಮುಟ್ಟಿದ ಬೆರಳು

ನಾಲ್ಕು ವರ್ಷದಿಂದ ನೆಲ ಮುಟ್ಟದಿದ್ದ ಬೆರಳು ಅಂದು ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ ಮುಟ್ಟಿತು. ಮುಟ್ಟಿದ್ದೇ ತಪ್ಪಾಯಿತು.

ಬೆರಳು ಗಡಿಯಾರ ರಿಪೇರಿಯವನದು. ಹಗಲೆಲ್ಲ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟು ತಿರುಪುಗಳ ಮೇಲೆ ಬಗ್ಗಿ ಬಗ್ಗಿ ಅವನ ಬೆನ್ನು ಕೊಡೆಯ ಹಿಡಿಯಂತಾಗಿತ್ತು. ಹೆಂಡತಿಯ ಕಾಟ ತಾಳಲಾರದೆ ಯೋಗದ ತರಗತಿಗೆ ಸೇರಿ, ಹಿಂದಿನ ಸಾಲಿನ ಮೂಲೆಯಲ್ಲಿ ಚಾಪೆ ಹಾಸಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಕುತ್ತಿಗೆ ನೋವು ಹೋಯಿತು, ಗಿರಾಕಿಗಳ ಮೇಲೆ ರೇಗುವುದು ನಿಂತಿತು. ಬೆರಳು ಮಾತ್ರ ಮಂಡಿಯಿಂದ ಕೆಳಗೆ ಇಳಿಯಲಿಲ್ಲ. ಆದರೂ ಅವನೊಳಗೊಂದು ಆಸೆ ಮೊಳೆತಿತ್ತು: ನಾನೂ ಕಲಿಸಬೇಕು.

ಟೀಚರಮ್ಮ ಆರು ತಿಂಗಳಿಗೆಂದು ಮಗಳ ಮನೆಗೆ ಹೊರಟಾಗ ಆಸೆಗೆ ದಾರಿ ಸಿಕ್ಕಿತು.

"ನಾಳೆ ಕ್ಲಾಸು ನೀವೇ ತಗೊಳ್ಳಿ. ಕೊನೇಲಿ ಬಂದು ನೋಡ್ತೀನಿ. ಸರಿ ಅನ್ನಿಸಿದ್ರೆ ಈ ಯೋಗದ ಹಾಲ್‌ನ ಬೀಗದ ಕೈ ನಿಮ್ಮ ಕೈಗೆ," ಎಂದರು.

ಆ ಸಂಜೆ ಅವನು ಅಂಗಡಿಯ ಗೋಡೆಯ ಮೇಲಿದ್ದ ಹದಿನೇಳು ಗಡಿಯಾರಗಳಿಗೆ ಪಾಠ ಮಾಡಿದ. "ಉಸಿರು ತಗೊಳ್ಳಿ… ಬಿಡಿ…" ಯಾವುದೂ ಎದುರಾಡಲಿಲ್ಲ.

ಬೆಳಿಗ್ಗೆ ಇಪ್ಪತ್ತು ಜನ ಎದುರಿಗೆ ನಿಂತಿದ್ದರು. ಗೋಡೆ ಪಕ್ಕದ ಕುರ್ಚಿಯಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮಂಡಿನೋವಿನಿಂದ ಅವರಿಗೆ ಒಂದು ಆಸನವೂ ಬರುತ್ತಿರಲಿಲ್ಲ, ಉಳಿದವರ ತಪ್ಪು ಹುಡುಕಲೆಂದೇ ಬರುತ್ತಿದ್ದರು. ಮೊದಲ ಹದಿನೈದು ನಿಮಿಷ ಬೆಣ್ಣೆಯಂತೆ ಸಾಗಿತು. ಆಮೇಲೆ ಮುಂದಕ್ಕೆ ಬಗ್ಗುವ ಸರದಿ. ಹುರುಪಿನಲ್ಲಿ ಅವನು ಬಗ್ಗಿದ, ಬೆರಳು ನೆಲಕ್ಕೆ ತಾಗಿತು. ಸೊಂಟದೊಳಗೆಲ್ಲೋ ಕಟಕ್ ಎಂದಿತು. ಮೇಲೇಳಲು ಆಗಲಿಲ್ಲ.

"ಹೀಗೇ ಇರಿ," ಎಂದ. ಬೇರೇನೂ ತೋಚಲಿಲ್ಲ.

ಇದ್ದರು. ಎರಡು ನಿಮಿಷ, ಮೂರು ನಿಮಿಷ. ಮೊದಲ ಸಾಲಿನಿಂದ ಬೇಕರಿಯವಳು ಏದುಸಿರಿನಲ್ಲಿ ಕೇಳಿದಳು: "ಅಣ್ಣಾ, ಇನ್ನೂ ಎಷ್ಟೊತ್ತು?"

"ಹೊತ್ತಿನ ಯೋಚನೆ ಬಿಟ್ಬಿಡಿ," ಎಂದ ಗಡಿಯಾರ ರಿಪೇರಿಯವನು.

ಮೇಷ್ಟ್ರ ಕಣ್ಣು ಹದ್ದಿನದು. ಕುಂಟುತ್ತಾ ಬಂದು ಅವನ ಕಿವಿಯ ಬಳಿ ಪಿಸುಗುಟ್ಟಿದರು: "ಸಿಕ್ಕಾಕೊಂಡಿದೀಯೇನಪ್ಪಾ?"

"ಮೆಲ್ಲಗೆ ಮೇಷ್ಟ್ರೇ! ಟೀಚರಮ್ಮ ಬರೋಷ್ಟರಲ್ಲಿ ಸರಿಹೋಗುತ್ತೆ. ನಂಗೆ ಪಾದ ಬಿಟ್ರೆ ಏನೂ ಕಾಣ್ತಿಲ್ಲ. ನಾನು ಹೇಳಿಕೊಡ್ತೀನಿ, ನೀವು ಗಟ್ಟಿಯಾಗಿ ಹೇಳಿ."

ಮೂವತ್ತೈದು ವರ್ಷ ಅರವತ್ತು ಮಕ್ಕಳ ತರಗತಿ ಆಳಿದ ಗಂಟಲು ಅದು. "ಏಳಿ! ಕೈ ಮೇಲೆ! ಉಸಿರು ಒಳಗೆ! ಎರಡನೇ ಸಾಲು, ಯಾರದು ನಗ್ತಿರೋದು?" ಕಿಟಕಿಯ ಗಾಜು ಅದುರಿತು. ನಾಲ್ಕು ವರ್ಷದಿಂದ ಹರಟೆ ನಿಲ್ಲಿಸದವರು ಬಾಯಿ ಮುಚ್ಚಿದರು. ಓರೆಯಾದ ಮೊಣಕೈಗಳು ನೆಟ್ಟಗಾದವು.

"ಮತ್ತೆ ಅಣ್ಣ ಯಾಕೆ ಏಳ್ತಿಲ್ಲ?" ಬೇಕರಿಯವಳಿಗೆ ಅನುಮಾನ.

"ಅದು ಮುಂದಿನ ಹಂತ. ನಿಮಗಿನ್ನೂ ಆ ಯೋಗ್ಯತೆ ಬಂದಿಲ್ಲ," ಎಂದರು ಮೇಷ್ಟ್ರು.

ಬಗ್ಗಿದಲ್ಲೇ ಅವನಿಗೆ ಸಂತೋಷವಾಯಿತು. ತಾನು ಪಿಸುಗುಟ್ಟಿದ ಒಂದೊಂದು ಮಾತಿಗೂ ಇಪ್ಪತ್ತು ಜನ ಎದ್ದರು, ತಿರುಗಿದರು, ಕೊನೆಗೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಹಾಲ್‌ನಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು.

ಆಗ ಬಾಗಿಲಿನಿಂದ ನೀಲಿ ಕಾಲುಚೀಲದ ಎರಡು ಪಾದಗಳು ಬಂದವು.

"ಇಷ್ಟು ವರ್ಷದಲ್ಲಿ ಈ ಹಾಲ್ ಇಷ್ಟು ಶಾಂತವಾಗಿದ್ದು ನಾನು ನೋಡೇ ಇಲ್ಲ," ಎಂದರು ಟೀಚರಮ್ಮ, ತಗ್ಗಿದ ದನಿಯಲ್ಲಿ. "ಕಿಟಕಿಯಿಂದ ಅರ್ಧ ಗಂಟೆ ನೋಡ್ತಾ ನಿಂತಿದ್ದೆ. ನನಗೆ ಟೀಚರ್ ಸಿಕ್ಕಿಬಿಟ್ರು."

ಅವನ ಕಣ್ಣು ತುಂಬಿ ಬಂತು. ನೀರು ಕೆನ್ನೆಗೆ ಇಳಿಯದೆ ಹಣೆಗೆ ಹರಿಯಿತು. "ನಿಮ್ಮ ಉಪಕಾರ ಮರೆಯಲ್ಲ ಟೀಚರಮ್ಮ," ಎಂದು ನೆಲಕ್ಕೆ ಹೇಳಿದ.

ನೀಲಿ ಪಾದಗಳು ಅವನ ಕಡೆ ತಿರುಗಲಿಲ್ಲ. ಅವು ಮೇಷ್ಟ್ರ ಪಾದಗಳಿಗೆ ಎದುರಾಗಿ ನಿಂತವು. ಮೇಲೆಲ್ಲೋ ಬೀಗದ ಕೈ ಕಿಣಿ ಎಂದಿತು.

"ಅಯ್ಯೋ, ನೀವ್ಯಾಕೆ ಇನ್ನೂ ಹೀಗೇ ಇದ್ದೀರಿ?" ಟೀಚರಮ್ಮನ ಗಮನ ಆಗ ಅವನ ಕಡೆ ತಿರುಗಿತು. ಸೊಂಟಕ್ಕೊಂದು ಕೈ, ಭುಜಕ್ಕೊಂದು ಕೈ ಕೊಟ್ಟು ಮೆಲ್ಲನೆ ಎತ್ತಿದರು. ಮತ್ತೆ ಕಟಕ್. ಅವನು ನೆಟ್ಟಗಾದ. ಬೀಗದ ಕೈ ಮೇಷ್ಟ್ರ ಅಂಗೈಯಲ್ಲಿತ್ತು.

"ನಾನಾಗಿ ಕೇಳ್ಲಿಲ್ಲಪ್ಪ," ಎಂದರು ಮೇಷ್ಟ್ರು ಮುಜುಗರದಿಂದ.

"ಗೊತ್ತು ಮೇಷ್ಟ್ರೇ."

"ಒಂದೇ ತೊಂದ್ರೆ. ಈ ಮಂಡಿ ಇಟ್ಕೊಂಡು ನಾನು ಏನೂ ಮಾಡಿ ತೋರಿಸೋಕಾಗಲ್ಲ. ನೀನು ದಿನಾ ಮುಂದೆ ನಿಂತ್ಕೊಂಡು ಬಗ್ಗು. ನಾನು ಹೇಳ್ಕೊಡ್ತೀನಿ."

"ಒಳ್ಳೇ ಜೋಡಿ!" ಎಂದರು ಟೀಚರಮ್ಮ.

ಅವನು ಚಾಪೆ ಸುತ್ತಿಕೊಂಡು ಮನೆಗೆ ಹೋಗೋಣವೆಂದು ಕೆಳಗೆ ಬಗ್ಗಿದ.

"ಮಂಡಿ ಮಡಿಸ್ಬಾರದು!" ಬೆನ್ನ ಹಿಂದೆ ಮೇಷ್ಟ್ರು ಗುಡುಗಿದರು.