ಬ್ರೇಕ್ ತುಳಿದರೆ ಬೆಳಗಾಗುವ ಗಾಡಿ

ಗಾಜಣ್ಣನ ಪಿಕಪ್ ಬಗ್ಗೆ ಓಣಿಯವರು ಒಂದು ಮಾತು ಹೇಳುತ್ತಿದ್ದರು: "ಇರುವೆ ಅಡ್ಡ ಬಂದ್ರೆ ಅವನು ಬ್ರೇಕ್ ಹಾಕಿ, ಅದು ಮನೆ ಸೇರಿತಾ ಅಂತ ನೋಡ್ಕೊಂಡು ಆಮೇಲೆ ಹೊರಡ್ತಾನೆ." ಪಾರ್ಲರಿನಲ್ಲಿ ಕೆಲಸ ಮಾಡುವ ಅವನ ಹೆಂಡತಿಯ ಬಗ್ಗೆ ಹೇಳುತ್ತಿದ್ದದ್ದು ಬೇರೆ: "ಆಯಮ್ಮನ ಕತ್ತರಿ ಕೂದಲಿಗಿಂತ ಮಾತನ್ನ ನೀಟಾಗಿ ಕತ್ತರಿಸುತ್ತೆ." ಎರಡರಲ್ಲೂ ಸುಳ್ಳಿರಲಿಲ್ಲ.

ಇಪ್ಪತ್ತು ವರ್ಷದಿಂದ ಅವನದು ಗಾಜು ಸಾಗಿಸುವ ಕೆಲಸ. ಕಿಟಕಿ ಗಾಜು, ಬೀರುವಿನ ಕನ್ನಡಿ, ಅಂಗಡಿಗಳ ಮುಂದೆ ನಿಲ್ಲಿಸುವ ಆಳೆತ್ತರದ ಗಾಜು. ಗುಂಡಿ ಕಂಡರೆ ಬ್ರೇಕ್, ಉಬ್ಬು ಕಂಡರೆ ಬ್ರೇಕ್, ಏನೂ ಕಾಣದಿದ್ದರೆ ಅನುಮಾನಕ್ಕೊಂದು ಬ್ರೇಕ್. ಇಂಥ ಮಹಾನುಭಾವ ಒಂದು ದಿನ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಘೋಷಣೆ ಮಾಡಿದ: "ಗಾಡಿ ನೆತ್ತಿ ಮೇಲೆ ನಾಲ್ಕು ದೊಡ್ಡ ಲೈಟ್ ಕೂರಿಸ್ತೀನಿ. ಆಫ್-ರೋಡ್ ಲೈಟು. ನಾಳೆಯಿಂದ ಈ ಊರಲ್ಲಿ ಕತ್ತಲೆ ಅನ್ನೋದು ನನ್ನ ಪರ್ಮಿಷನ್ ಕೇಳ್ಕೊಂಡು ಬರಬೇಕು."

"ಆಫ್-ರೋಡ್ ಅಂದ್ರೆ ಏನ್ರೀ?" ಎಂದಳು ಹೆಂಡತಿ.

"ರಸ್ತೆ ಇಲ್ಲದ ಕಡೆ ಹೋಗೋರು ಹಾಕೋದು. ಕಾಡು, ಬೆಟ್ಟ, ಹೊಳೆ ದಂಡೆ."

"ಹಾಗನ್ನಿ. ದಾರಿ ತಪ್ಪಿದವರ ಲೈಟು."

"ಒಂದಿನ ರಸ್ತೆ ಕೆಟ್ಟು ಹೋಗಿದ್ರೆ ಏನ್ ಮಾಡೋದು, ಹೇಳು?"

"ಗಾಜು ಹೊತ್ಕೊಂಡು ಕಲ್ಲು ಬಂಡೆ ಮೇಲೆ ಓಡಿಸ್ತೀರಾ?"

"ಲೈಟ್ ಇದ್ರೆ ಕಲ್ಲು ದೂರದಿಂದಲೇ ಕಾಣುತ್ತೆ."

"ಕಂಡ್ರೆ?"

"ಬ್ರೇಕ್ ಹಾಕ್ತೀನಿ."

"ಅದನ್ನ ಕಲ್ಲು ಇಲ್ದೇ ಇದ್ರೂ ಹಾಕ್ತೀರಲ್ಲ."

ಮಾತಿನಲ್ಲಿ ಸೋತವನು ಕೆಲಸದಲ್ಲಿ ಗೆಲ್ಲಬೇಕು ಎಂದುಕೊಂಡು ಗಾಜಣ್ಣ ವಾಹನಗಳ ಎಲೆಕ್ಟ್ರಿಷಿಯನ್ ಹತ್ತಿರ ಹೋದ. ಅವನು ಲೈಟುಗಳನ್ನು ಎತ್ತಿ ನೋಡಿ, "ಎಲ್ಲಿ ಓಡಿಸ್ತೀರಣ್ಣ?" ಎಂದು ಕೇಳಿದ. "ಗಾಜಿನಂಗಡಿಯಿಂದ ಗಿರಾಕಿ ಮನೆಗೆ" ಎಂದ ಗಾಜಣ್ಣ. ಎಲೆಕ್ಟ್ರಿಷಿಯನ್ ನಗಲಿಲ್ಲ, ಕೆಮ್ಮಿದ. ಆ ಕೆಮ್ಮು ಗಾಜಣ್ಣನ ಎದೆಗೆ ನಾಟಿತು. ಕೂರಿಸಲು ಅವನಿಗೆ ಕೊಡದೆ, ಲೈಟು ಎತ್ತಿಕೊಂಡು ಮನೆಗೆ ಬಂದು, ಭಾನುವಾರ ತಾನೇ ಸೀಟಿನ ಕೆಳಗೆ ತಲೆ ತೂರಿಸಿದ. ಕೈಗೆ ಮೊದಲು ಸಿಕ್ಕ ತಂತಿಗೆ ನಾಲ್ಕನ್ನೂ ಜೋಡಿಸಿದ. ಸ್ವಿಚ್ ಒತ್ತಿದ. ಏನೂ ಇಲ್ಲ. ಬೇಸರದಿಂದ ಕಾಲು ಚಾಚಿದ. ಅದು ಬ್ರೇಕಿನ ಮೇಲೆ ಬಿತ್ತು. ಎದುರಿನ ಗೋಡೆ ಸುಣ್ಣ ಬಳಿದಂತೆ ಬೆಳ್ಳಗಾಯಿತು, ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಆಚೆ ಕಡೆಗೆ ಬಿತ್ತು.

ತಪ್ಪು ಒಪ್ಪಿಕೊಳ್ಳುವುದು ಸುಲಭ, ಬಿಚ್ಚಿ ಮತ್ತೆ ಕಟ್ಟುವುದು ಕಷ್ಟ. ಗಾಜಣ್ಣ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದ. ಅದಕ್ಕೆ ಸಿದ್ಧಾಂತ ಕಟ್ಟಿದ. "ಮನುಷ್ಯ ಬ್ರೇಕ್ ಯಾವಾಗ ಹಾಕ್ತಾನೆ? ಅಪಾಯ ಬಂದಾಗ. ಅಪಾಯದಲ್ಲಿ ಏನು ಬೇಕು? ಬೆಳಕು. ಬೇಕಂತಲೇ ಹೀಗೆ ಜೋಡಿಸಿದ್ದು."

"ಬ್ರೇಕ್ ಲೈಟ್ ಇರೋದು ಹಿಂದೆ ಬರೋರಿಗೆ ಕಣ್ರೀ."

"ನಾನು ಮುಂದೆ ಬರೋರಿಗೂ ಮರ್ಯಾದೆ ಕೊಡ್ತೀನಿ."

ಆ ಮರ್ಯಾದೆಯನ್ನು ಓಣಿ ಒಂದು ವಾರ ಸಹಿಸಿತು. ಅವನು ಮನೆಯಿಂದ ಮುಖ್ಯರಸ್ತೆ ಮುಟ್ಟುವಷ್ಟರಲ್ಲಿ ಹದಿನೈದು ಸಲ ಬ್ರೇಕ್, ಹದಿನೈದು ಸಲ ಮಿಂಚು. ಕೆಳಮನೆಯ ಅಜ್ಜಿ ಮೂರು ಸಲ ಮಳೆ ಬಂತೆಂದು ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೆ ಓಡಿದಳು.

ಇಷ್ಟರಲ್ಲಿ ಹೆಂಡತಿಯ ದೊಡ್ಡ ದಿನ ಬಂತು. ಎಂಟು ವರ್ಷ ಇನ್ನೊಬ್ಬಾಕೆಯ ಪಾರ್ಲರಿನಲ್ಲಿ ಕತ್ತರಿ ಆಡಿಸಿದವಳು ಮುಖ್ಯರಸ್ತೆಯಲ್ಲಿ ಸ್ವಂತ ಅಂಗಡಿ ಹಿಡಿದಿದ್ದಳು. "ಎಂಟೇ ದಿನ, ವಾಪಸ್ ಬರ್ತೀಯ" ಎಂದು ಹಳೆಯ ಯಜಮಾನಿ ಹೇಳಿ ಕಳಿಸಿದ್ದಳು. ಮೊದಲ ಗಿರಾಕಿ ಹೈಸ್ಕೂಲಿನ ಹೆಡ್‌ಮೇಡಂ. ಅವರಿಗೆ ಆ ದಿನ ಬೇರೆ ಊರಿನಲ್ಲಿ ಸನ್ಮಾನ, ಬೆಳಿಗ್ಗೆ ಏಳೂವರೆಗೆ ಬಸ್ಸು. ಅವರ ತಲೆ ಚೆನ್ನಾಗಿ ಬಂದರೆ ಸ್ಕೂಲಿನ ಟೀಚರುಗಳೆಲ್ಲ ಹಿಂದೆ ಬರುತ್ತಾರೆ. ಕೆಟ್ಟರೆ ಯಜಮಾನಿಯ ಮಾತು ಗೆಲ್ಲುತ್ತದೆ. ಅಂಗಡಿಗೆ ಇನ್ನು ಬರಬೇಕಿದ್ದದ್ದು ಕನ್ನಡಿ ಒಂದೇ, ಅದು ಗಾಜಣ್ಣನ ಗಾಡಿಯಲ್ಲಿ ಕಂಬಳಿ ಹೊದ್ದು ನಿಂತಿತ್ತು.

"ನಾನು ಮುಂದೆ ಹೋಗಿ ಬಾಗಿಲು ತೆಗೆದಿರ್ತೀನಿ. ಐದೂವರೆಗೆ ಕನ್ನಡಿ ಅಲ್ಲಿರಬೇಕು" ಎಂದು ಹೇಳಿ, ಕತ್ತರಿ ಚೀಲ ಹೆಗಲಿಗೇರಿಸಿ ಅವಳು ಕತ್ತಲಲ್ಲೇ ನಡೆದುಹೋದಳು.

ಗಾಜಣ್ಣ ಗಾಡಿ ಹೊರಡಿಸಿದ. ಓಣಿ ಬಲಕ್ಕೆ ತಿರುಗುವಲ್ಲಿ ನೇರ ಎದುರಿಗೆ ಹೊಸ ಬಟ್ಟೆ ಅಂಗಡಿ. ಅದರ ಮುಂದಿನ ಗಾಜನ್ನು ವಾರದ ಹಿಂದೆ ತಂದು ಕೊಟ್ಟವನೂ ಇವನೇ, ಕನ್ನಡಿಯಂತೆ ಹೊಳೆಯುವ ಗಾಜು. ನಿನ್ನೆಯವರೆಗೂ ಅದಕ್ಕೆ ಕಾಗದ ಅಂಟಿತ್ತು. ಹಿಂದಿನ ಸಂಜೆ ಕಾಗದ ಕಿತ್ತದ್ದು ಇವನಿಗೆ ಗೊತ್ತಿರಲಿಲ್ಲ.

ತಿರುವಿನಲ್ಲಿ ರೂಢಿಯಂತೆ ಬ್ರೇಕ್ ತುಳಿದ. ಎದುರಿನಿಂದ ನಾಲ್ಕು ಸೂರ್ಯ ಒಟ್ಟಿಗೆ ಹುಟ್ಟಿದವು. ಗಾಜಣ್ಣ ಕಣ್ಣು ಮುಚ್ಚಿ ಬ್ರೇಕನ್ನು ಇನ್ನೂ ಗಟ್ಟಿಯಾಗಿ ಒತ್ತಿದ.

"ಡಿಮ್ ಮಾಡಯ್ಯ" ಎಂದು ಕೂಗಿದ. ಮಾಡಲಿಲ್ಲ. ಹಾರ್ನ್ ಹೊಡೆದ. ಎದುರಿನವನೂ ಅಷ್ಟೇ ಉದ್ದಕ್ಕೆ ಹೊಡೆದ.

ಗಾಜಿನ ಗಾಡಿಯವರಲ್ಲಿ ಒಂದು ಕಟ್ಟುಪಾಡುಂಟು: ಗಾಜು ತುಂಬಿದ ಗಾಡಿ ಹಿಂದಕ್ಕೆ ಹೋಗುವುದಿಲ್ಲ. ಎದುರಿನವನೇ ಹಿಂದೆ ಸರಿಯಬೇಕು. "ತುಂಬಿದ ಗಾಡಿ ಕಣಯ್ಯ ನಂದು. ಎಷ್ಟೊತ್ತು ನಿಲ್ತೀಯೋ ನಿಲ್ಲು" ಎಂದು ಎಂಜಿನ್ ಆರಿಸಿ, ಇಳಿಜಾರಾದ್ದರಿಂದ ಬ್ರೇಕಿನ ಮೇಲಿನ ಕಾಲು ತೆಗೆಯದೆ, ಕರ್ಚೀಫನ್ನು ಕಣ್ಣಿಗೆ ಅಡ್ಡ ಹಿಡಿದು ಕೂತ. ಎದುರಿನವನೂ ಎಂಜಿನ್ ಆರಿಸಿದ. ಹಟಮಾರಿ.

ಓಣಿಗೆ ಬೆಳಗಾಯಿತೆಂದು ಕಾಗೆಗಳು ಕೂಗಿದವು. ಜನ ಕಣ್ಣುಜ್ಜುತ್ತ ಹಿಂದೆ ಬಂದು ನಿಂತರು. ಗಾಡಿ ಓಣಿಯನ್ನು ತುಂಬಿ, ಪಕ್ಕದಲ್ಲಿ ಒಂದು ಮೊಳದ ಸಂದಿಯಷ್ಟೇ ಉಳಿದಿದ್ದರಿಂದ ಮುಂದೆ ಏನಿದೆಯೋ ಅವರಿಗೂ ಕಾಣಲಿಲ್ಲ. "ಬಿಡಬೇಡಿ ಅಣ್ಣ" ಎಂದು ಹಿಂದಿನಿಂದಲೇ ಹುರಿದುಂಬಿಸಿದರು. ನಲವತ್ತು ನಿಮಿಷ ಕಳೆಯಿತು. ಎದುರಿನ ಬೆಳಕು ನಿಧಾನಕ್ಕೆ ಹಳದಿಗೆ ತಿರುಗತೊಡಗಿತು.

"ನೋಡ್ರಯ್ಯ, ಅವನ ಬ್ಯಾಟರಿ ಇಳೀತಾ ಇದೆ" ಎಂದು ಗಾಜಣ್ಣ ಜಯಶಾಲಿಯಂತೆ ಕಿಟಕಿಯಿಂದ ತಲೆ ಹೊರಹಾಕಿದ.

ಆಗ ತಿರುವಿನ ಆಚೆಯಿಂದ ಹೆಂಡತಿ ಬಂದಳು. ಹಿಂದೆಯೇ ಹೆಡ್‌ಮೇಡಂ, ಕೈಗಡಿಯಾರ ನೋಡಿಕೊಳ್ಳುತ್ತ.

"ಯಾರ ಹತ್ರ ಜಗಳ ನಿಮ್ದು?"

"ಆ ಗಾಡಿಯವನು. ಎಷ್ಟು ಹೊತ್ತಾಯ್ತು, ದಾರಿನೇ ಬಿಡ್ತಿಲ್ಲ."

ಅವಳು ಗಾಜಿನ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದಳು. "ಅವನು ಬಿಡಲ್ಲ ಬಿಡಿ" ಎಂದಳು. "ಹದಿನಾಲ್ಕು ವರ್ಷದಿಂದ ಅವನ ಜೊತೆ ಒಂದೇ ಮನೇಲಿದ್ದೀನಿ, ನನಗೇ ಒಂದಿನ ಬಿಟ್ಟಿಲ್ಲ."

ಗಾಜಣ್ಣ ಕರ್ಚೀಫು ಇಳಿಸಿದ. ಮಂಕು ಬೆಳಕಿನಲ್ಲಿ, ಎದುರು ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿದ್ದವನ ಮೀಸೆ ಎಲ್ಲೋ ನೋಡಿದಂತಿತ್ತು.

ಆಮೇಲೆ ಕೀ ತಿರುಗಿಸಿದರೆ ಗಾಡಿ ಬಿಕ್ಕಳಿಸಿತಷ್ಟೆ. ಕನ್ನಡಿಯನ್ನು ಹೊತ್ತೊಯ್ದು ಗೋಡೆಗೆ ಕೂರಿಸಲು ಇನ್ನೊಂದು ಗಂಟೆ ಬೇಕು. ಹೆಡ್‌ಮೇಡಂ ಖಡಾಖಂಡಿತವಾಗಿ ಹೇಳಿದರು: "ನೋಡಮ್ಮ, ಎದುರಿಗೆ ಕನ್ನಡಿ ಇಲ್ಲದೆ ನಾನು ಯಾರ ಕೈಗೂ ತಲೆ ಕೊಡೋದಿಲ್ಲ."

ಹೆಂಡತಿ ಅರೆಗಳಿಗೆ ಯೋಚಿಸಿದಳು. ಬಟ್ಟೆ ಅಂಗಡಿಯ ಗಾಜಿನ ಮುಂದೆ ನಿಂತು, "ಮೇಡಂ, ಇಷ್ಟು ದೊಡ್ಡ ಕನ್ನಡಿ ಈ ಊರಲ್ಲಿ ಯಾವ ಪಾರ್ಲರಲ್ಲೂ ಇಲ್ಲ, ಬನ್ನಿ" ಎಂದಳು. ಗಂಡನ ಕಡೆ ತಿರುಗಿ, "ಮನೆಗೆ ಹೋಗಿ ಸ್ಟೂಲ್ ತನ್ನಿ" ಎಂದಳು.

ಗಾಜಣ್ಣ ಸ್ಟೂಲ್ ತಂದ. ನೀರು ತನ್ನಿ ಎಂದಳು, ತಂದ. ಅಷ್ಟರಲ್ಲಿ ಮೂಡಿದ್ದ ಮಸುಕು ಬೆಳಕಿನಲ್ಲಿ ಕತ್ತರಿ ಶುರುವಾಯಿತು. ಓಣಿಯ ಹೆಂಗಸರೆಲ್ಲ ಸುತ್ತ ನೆರೆದು ಮೊದಲು ನಕ್ಕರು, ಆಮೇಲೆ ಹತ್ತಿರ ಸರಿದರು, ಆಮೇಲೆ ಒಬ್ಬಳು ಮೆಲ್ಲಗೆ, "ನನಗೂ ಹೀಗೇ ಹಿಂದೆ ಸ್ವಲ್ಪ ಗಿಡ್ಡ ಮಾಡ್ತೀರಾ ಅಕ್ಕ?" ಎಂದು ಕೇಳಿದಳು. ಹೆಡ್‌ಮೇಡಂ ಗಾಜಿನಲ್ಲಿ ತಮ್ಮನ್ನು ನೋಡಿಕೊಂಡು, ಸ್ಕೂಲಿನಲ್ಲಿ ಯಾರಿಗೂ ತೋರಿಸದ ಒಂದು ನಗು ನಕ್ಕರು.

"ಕಿವಿ ಪಕ್ಕದ್ದು ಸರಿಯಾಗಿ ಕಾಣ್ತಿಲ್ಲ" ಎಂದಳು ಹೆಂಡತಿ. "ರೀ, ಒಂದು ಬೆಳಕು ಬೇಕಿತ್ತಲ್ಲ."

ಸುತ್ತ ನಿಂತವರೆಲ್ಲ ಗಾಡಿಯ ನೆತ್ತಿಯ ಮೇಲೆ ಆರಿ ಕೂತಿದ್ದ ನಾಲ್ಕು ಲೈಟುಗಳನ್ನು ನೋಡಿದರು. ಆಮೇಲೆ ಗಾಜಣ್ಣನನ್ನು ನೋಡಿದರು. ಬೈದಿದ್ದರೆ ವಾಸಿಯಿತ್ತು.

ಗಾಜಣ್ಣ ಮತ್ತೆ ಮನೆಗೆ ಓಡಿದ. ಅಡುಗೆಮನೆಯ ಡಬ್ಬಿಗಳ ಹಿಂದಿದ್ದ, ಕರೆಂಟ್ ಹೋದಾಗ ಹುಡುಕುವ ಎರಡು ಸೆಲ್ಲಿನ ಟಾರ್ಚ್ ಸಿಕ್ಕಿತು. ಅದನ್ನು ಹಿಡಿದು, ಆ ಬೆಳಗಿನಲ್ಲಿ ಕೊನೆಯ ಸಲ ಹೊಸಿಲು ದಾಟಿ ಹೊರಬಿದ್ದ. ಗಾಡಿಗೂ ಗೋಡೆಗೂ ನಡುವೆ ಉಳಿದಿದ್ದ ಒಂದು ಮೊಳದ ಸಂದಿಯಲ್ಲಿ ಹಾಲಿನವನು ಕ್ಯಾನ್ ಹೊತ್ತು ಎದುರಾದ. ಗಾಜಣ್ಣ ಟಾರ್ಚನ್ನು ನೆಲಕ್ಕೆ ತಿರುಗಿಸಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಒತ್ತಿ ನಿಂತ.

"ಹೋಗಪ್ಪ. ನೀನೇ ಮೊದಲು."

ಹಾಲಿನವನು ಹೆಜ್ಜೆ ಇಡಲಿಲ್ಲ. ಒಮ್ಮೆ ಹಿಂದೆ ತಿರುಗಿ ನೋಡಿದ. "ನನಗಾ ಹೇಳಿದ್ದು ಅಣ್ಣ," ಎಂದ, "ಇಲ್ಲ ಗಾಜಲ್ಲಿರೋರಿಗಾ?"