ದೇಸಾಯರು ಹೋಗಿ ಬರ್ರಿ ಅನ್ನಲಿಲ್ಲ

ನಮ್ಮ ಕಡೆ ಒಬ್ಬರ ಮನೆಗೆ ಹೋಗುವುದು ಸುಲಭ, ಅಲ್ಲಿಂದ ಎದ್ದು ಬರುವುದು ಕಷ್ಟ. ಹೋಗಲು ಯಾರ ಅಪ್ಪಣೆಯೂ ಬೇಡ, ಬಾಗಿಲು ತೆರೆದಿದ್ದರೆ ಸಾಕು. ಏಳಬೇಕಾದರೆ ಮಾತ್ರ ಆ ಮನೆಯ ಹಿರಿಯರು ಮಾತು ಮುಗಿಸಿ, "ಹೂಂ, ಹೋಗಿ ಬರ್ರಿ" ಅನ್ನಬೇಕು. ಅವರು ಅನ್ನುವ ತನಕ ನೀವು "ಬರತೇನ್ರಿ" ಎಂದು ಎಷ್ಟು ಸಲ ಅಂದರೂ ಅದು ಲೆಕ್ಕಕ್ಕಿಲ್ಲ. ನನ್ನ ಸೋದರಮಾವ ಒಮ್ಮೆ ಕುಬಿಹಾಳದ ಬೀಗರ ಮನೆಗೆ ಲಗ್ನಪತ್ರಿಕೆ ಕೊಡಲು ಹೋದವರು, ಅಲ್ಲೇ ಉಂಡು, ಮಲಗಿ, ಮರುದಿನ ನಾಷ್ಟಾ ಮಾಡಿಕೊಂಡು ಬಂದರು. ಬೀಗರ ತಂದೆ ಮಾತಿನ ನಡುವೆ ತೂಕಡಿಸಿ ನಿದ್ದೆಹೋಗಿದ್ದರಂತೆ. ಅಪ್ಪಣೆ ಕೊಡುವವರೇ ಮಲಗಿದರೆ ಮಾವನಾದರೂ ಏನು ಮಾಡಬೇಕು. ಉಳಿದ ಪತ್ರಿಕೆಗಳನ್ನು ಅತ್ತೆ ಹಂಚಿದರು. ಇದೆಲ್ಲ ಚೆನ್ನಾಗಿ ಗೊತ್ತಿದ್ದ ನಾನೇ ನಮ್ಮೂರ ವಸ್ತುಸಂಗ್ರಹಾಲಯದಲ್ಲಿ ಜನ ಕೂತಲ್ಲಿಂದ ಏಳದಂತೆ ಮಾಡಿಟ್ಟೆ ಎಂದರೆ ನಿಮಗೆ ನಗು ಬರಬಹುದು. ನಗಿ, ನನಗೇನೂ ಬೇಸರವಿಲ್ಲ.

ನಮ್ಮೂರು ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಒಂದು ನಿದ್ದೆಗೆ ಸಾಲದಷ್ಟು ದೂರ. ಇಲ್ಲಿನ ವಾಡೆಯಲ್ಲಿ ಹಿಂದೆ ಒಬ್ಬ ದೇಸಾಯರಿದ್ದರು. ಬರ ಬಿದ್ದಾಗ ನೆಲದೊಳಗಿನ ಹಗೇವುಗಳನ್ನು ತೆಗೆಸಿ, ಕೂಡಿಟ್ಟ ಜೋಳವನ್ನೆಲ್ಲ ಜನರಿಗೆ ಹಂಚಿದರೆಂದು ಹೆಸರು. ವಾಡೆ ಈಗ ವಸ್ತುಸಂಗ್ರಹಾಲಯ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಅದರ ಉಸ್ತುವಾರಿ. ಒಂದು ಕತ್ತಿ, ತಲೆಗೆ ಸುತ್ತುವ ಒಂದು ಪಟಗ, ಕಾಲು ಮುರಿದ ಒಂದು ಪಲ್ಲಂಗ, ಇಷ್ಟನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅದಕ್ಕೇ ಸಮಿತಿಯವರು ಪಡಸಾಲೆಯನ್ನು ಕತ್ತಲು ಮಾಡಿಸಿ, ಗೋಡೆಗಳ ತುಂಬ ಚಿತ್ರ ಬೀಳುವಂತೆ ಪ್ರೊಜೆಕ್ಟರ್ ಹಾಕಿಸಿದರು. ಸ್ಪೀಕರುಗಳನ್ನು ನೆಲದಡಿಗೂ ಇಟ್ಟಿದ್ದಾರೆ, ಕುದುರೆ ಬರುವ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ದೇಸಾಯರು ಕುದುರೆಯಿಂದ ಇಳಿದು, ಆಳೆತ್ತರವಾಗಿ ನಡೆದು ಬಂದು, ಗಾದಿಯ ಮೇಲೆ ಕೂತು ಮಾತಾಡುತ್ತಾರೆ. ಆ ದನಿ ನನ್ನದು.

ಹೀಗೆ ಹೇಳಿಕೊಳ್ಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ. ಇದನ್ನೆಲ್ಲ ಜೋಡಿಸಲು ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ಶ್ರುತಿ ನನ್ನ ಮಾತು ಕೇಳಿ, "ಸರ್, ನಿಮ್ಮ ವಾಯ್ಸೇ ಇರಲಿ" ಅಂದರು. ಕರಾರು ಒಂದೇ: ದನಿ ಯಾರದೆಂದು ಯಾರಿಗೂ ಹೇಳಕೂಡದು. ಗೊತ್ತಾದರೆ ಜನರಿಗೆ ದೇಸಾಯರ ಬದಲು ಮಾಸ್ತರು ಕಾಣುತ್ತಾರಂತೆ. ಕಂಪ್ಯೂಟರಿನಲ್ಲಿ ದನಿಯನ್ನು ತುಸು ದಪ್ಪ ಮಾಡಿದರು. ಹೆಂಡತಿ ಗಿರಿಜೆಗೂ ನಾನು ಬಾಯಿ ಬಿಡಲಿಲ್ಲ. ನೌಕರಿಯುದ್ದಕ್ಕೂ ಕೊನೆಯ ಬೆಂಚು ಮುಟ್ಟದ ದನಿ ಈಗ ಗೋಡೆಗೋಡೆಯಿಂದ ಗುಡುಗುತ್ತಿದೆ, ನಾನು ಮಾತ್ರ ಏನೂ ಅರಿಯದವನಂತೆ ಟಿಕೆಟ್ ಹರಿಯುತ್ತ ನಿಲ್ಲಬೇಕು. ಶ್ರುತಿ ಬರೆಸಿ ತಂದಿದ್ದ ಮಾತು "ಪ್ರಿಯ ವೀಕ್ಷಕರೇ, ತಮಗೆಲ್ಲ ಸುಸ್ವಾಗತ" ಎಂದು ಶುರುವಾಗುತ್ತಿತ್ತು. ನಾನು ಹಟ ಹಿಡಿದೆ. ದೇಸಾಯರೇನು ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರೇ? "ಬರ್ರಿ, ಬರ್ರಿ, ಹಿಂಗ ಕೂಡ್ರಿ" ಎಂದು ಶುರು ಮಾಡಬೇಕು, ಹಗೇವಿನ ಕಥೆಯೆಲ್ಲ ಹೇಳಿದ ಮೇಲೆ "ನಿಮ್ಮೂರಾಗ ಮಳಿ ಹ್ಯಾಂಗೈತಿ?" ಎಂದು ಕೇಳಿ ಮುಗಿಸಬೇಕು ಎಂದೆ. ಅವರು ಒಪ್ಪಿದರು.

ಬಾಗಿಲು ತೆರೆದ ದಿನ ತಿರ್ಲಾಪುರದಿಂದ ಒಂದು ಟೆಂಪೋ ತುಂಬ ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ದೇಸಾಯರು ಕೂಡ್ರಿ ಅಂದೊಡನೆ ಚಕ್ಕಳಮಕ್ಕಳ ಹಾಕಿ ಕೂತರು. ಮಳೆಯ ಮಾತು ಬಂದಾಗ ಹಲವರು, "ಚಲೋ ಆಗೇತ್ರಿ, ಹತ್ತಿ ಅಗದಿ ಭೇಷ್ ಬಂದೈತಿ" ಎಂದು ಉತ್ತರವನ್ನೂ ಕೊಟ್ಟರು. ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ನನಗೆ ಆಕಾಶ ಮೂರೇ ಗೇಣು. ಆಮೇಲೆ ಚಿತ್ರ ಮೊದಲಿನಿಂದ ಶುರುವಾಯಿತು. ಮೊಣಕಾಲಿಗೆ ಕೈ ಊರಿ ಏಳಹೊರಟವರಿಗೆ ದೇಸಾಯರು ಮತ್ತೆ "ಬರ್ರಿ, ಬರ್ರಿ, ಹಿಂಗ ಕೂಡ್ರಿ" ಅಂದರು. ಎಲ್ಲರೂ ಮತ್ತೆ ಕೂತರು. ಹೀಗೇ ಸುತ್ತಿನ ಮೇಲೆ ಸುತ್ತು ನಡೆಯಿತು. ಹೊರಗೆ ಶಾಲೆಗಳ ಬಸ್ಸುಗಳು ಬಂದು ನಿಂತವು, ಸಾಲು ರಸ್ತೆಗೆ ಮುಟ್ಟಿತು.

"ಸರ್, ಇವರು ಯಾಕೆ ಎದ್ದು ಹೋಗ್ತಿಲ್ಲ?" ಎಂದು ಶ್ರುತಿ ಓಡಿ ಬಂದರು. "ಹೀಗಾದ್ರೆ ನಾಳೆಯಿಂದ ಮಾತು ತೆಗೆದು ಬರೀ ಮ್ಯೂಸಿಕ್ ಹಾಕಬೇಕಾಗತ್ತೆ. ಸಮಿತಿಯವರೂ ಅದನ್ನೇ ಹೇಳ್ತಿದಾರೆ." ದೇಸಾಯರ ಬಾಯಿ ಮುಚ್ಚಿದರೆ ನನ್ನ ಬಾಯಿ ಮುಚ್ಚಿದಂತೆಯೇ. ಒಳಗೆ ಹೋಗಿ, ಎಲ್ಲರಿಗಿಂತ ಮುಂದೆ ಕೂತಿದ್ದ ಇಮಾಮಸಾಬ ಕಾಕಾರ ಬಾಜು ಕೂತೆ. ಹತ್ತಿ ಬೆಳೆದು, ಹತ್ತಿಯ ವ್ಯಾಪಾರವನ್ನೂ ಮಾಡಿದ ಹಿರಿಯರು.

"ಕಾಕಾ, ಮುಗೀತ್ರಿ. ಏಳ್ರಿ ಇನ್ನ" ಎಂದೆ ಮೆಲ್ಲಗೆ.

"ದೊಡ್ಡವ್ರು ಮಾತಾಡಾಕತ್ತಾರ. ನಡುವ ಹ್ಯಾಂಗ ಏಳೂದ್ರಿ ಮಾಸ್ತರ್ರ?"

"ಅದು ಬರೇ ಬೆಳಕ್ರಿ."

"ಗೊತ್ತೈತ್ರಿ, ನನಗೂ ಕಣ್ಣದಾವು. ಬೆಳಕಾದ್ರೂ ದೇಸಾಯರ ಬೆಳಕಲ್ಲೇನು? ಬರ್ರಿ ಕೂಡ್ರಿ ಅಂತ ಬಾಯಿ ತುಂಬ ಕರದಾರ. ಹೋಗಿ ಬರ್ರಿ ಅಂದ್ರ ಹೋಗತೇವಿ."

ದೇಸಾಯರಿಗೆ ಕರೆಯುವುದನ್ನು ಕಲಿಸಿದ ನಾನು ಕಳಿಸುವುದನ್ನು ಮರೆತಿದ್ದೆ. ಅಂದು ಪ್ರೊಜೆಕ್ಟರ್ ಆರಿಸಿಯೇ ಅವರನ್ನು ಎಬ್ಬಿಸಬೇಕಾಯಿತು. ಮಾತು ಇನ್ನು ಒಂದೇ ಒಂದು ದಿನ ಇರಲಿ ಎಂದು ಶ್ರುತಿಯನ್ನು ಕಾಡಿ ಬೇಡಿ ಒಪ್ಪಿಸಿದೆ. ಹೊರಗಿನ ಸದ್ದು ಬೀಳದಿರಲೆಂದು ಉಗ್ರಾಣದಲ್ಲಿ ಕೌದಿ ಹೊದ್ದು ಕೂತು, ಬೆವರು ಒರೆಸಿಕೊಳ್ಳುತ್ತ, "ಚಲೋ ಆತು. ಹೋಗಿ ಬರ್ರಿ" ಎಂಬುದನ್ನು ಮತ್ತೆ ಮತ್ತೆ ಹೇಳಿದೆ. ಮೊದಲು ಹೇಳಿದ್ದು ಹೊರಗೆ ದಬ್ಬಿದಂತಿತ್ತು, ಆಮೇಲಿನದು ಮಗಳನ್ನು ಗಂಡನ ಮನೆಗೆ ಕಳಿಸುವ ಅಳುಬುರುಕ ಅಪ್ಪನಂತೆ. ಅಂತೂ ದೇಸಾಯರಿಗೆ ಒಪ್ಪುವ ಒಂದು ಸಿಕ್ಕಿತು. ಮರುದಿನ ಆ ಮಾತು ಬಿದ್ದದ್ದೇ ತಡ ಇಡೀ ಪಡಸಾಲೆ ಎದ್ದು ನಿಂತಿತು, ಗೋಡೆಗೆ ಕೈ ಮುಗಿದು ಸಾಲಾಗಿ ಹೊರಬಿತ್ತು. ಮತ್ತೆ ಬಂದಿದ್ದ ಕಾಕಾ ಹೋಗುವಾಗ ನನ್ನ ಹೆಗಲು ತಟ್ಟಿ, "ಎಂಥಾ ದನಿರಿ. ಈಗಿನವರಿಗೆ ಅಂಥಾ ದನಿ ಎಲ್ಲಿ ಬರಬೇಕು ಮಾಸ್ತರ್ರ" ಅಂದರು. ಹೌದ್ರಿ ಎಂದು ಟಿಕೆಟ್ ಹರಿದೆ.

ಆ ವಾರವೇ ಓಣಿಯ ಹೆಂಗಸರೊಡನೆ ಗಿರಿಜೆಯೂ ಬಂದಳು. ಅಪ್ಪಣೆ ಆಯಿತು, ಹೆಂಗಸರೆಲ್ಲ ಹೊರಗೆ ಬಂದರು, ಇವಳಿಲ್ಲ. ಮುಂದಿನ ತಂಡ ಹೋಗಿ ಬಂತು, ಆಗಲೂ ಇವಳಿಲ್ಲ. ಬಾಗಿಲಲ್ಲಿ ಶ್ರುತಿ ಹುಬ್ಬು ಗಂಟು ಹಾಕಿ ನಿಂತಿದ್ದರು. ಮತ್ತೆ ಮ್ಯೂಸಿಕ್ಕಿನ ಮಾತು ಬಂದೀತೆಂದು ಹೆದರಿ ಒಳಗೆ ಓಡಿದೆ.

"ಗಿರಿಜಾ, ದೇಸಾಯರು ಹೋಗಿ ಬರ್ರಿ ಅಂದ್ರಲ್ಲ. ಯಾಕ ಏಳವಲ್ಲಿ?"

"ಈ ದನಿ ಹೇಳಿದ್ದಕ್ಕ ಮನ್ಯಾಗ ನಾ ಯಾವತ್ತರ ಎದ್ದೇನೇನ್ರಿ?" ಅಂದಳು.

ನಾನು ಪೆಚ್ಚಾದೆ. "ಯಾವಾಗ ಗೊತ್ತಾತು?"

"ಬರ್ರಿ ಅಂದಾಗನ."

"ಗೊತ್ತಾದ ಮ್ಯಾಲೆ ಮತ್ತ ಯಾಕ ಕುಂತಿ?"

"ಕೇಳಾಕ. ನೀವು ಮನ್ಯಾಗ ಏನರ ಹೇಳಾಕ ಸುರು ಮಾಡಿದ್ರ ಅರ್ಧಕ್ಕ ಚಾ ಕೇಳತೀರಿ. ನಾ ಚಾ ತರೂದ್ರಾಗ ನಿಮಗ ಎಲ್ಲಿಗೆ ಬಿಟ್ಟಿದ್ರಿ ಅನ್ನೂದ ಮರತಿರತೈತಿ. ನಿಮ್ಮ ಮಾತು ಕಡೀತನಕ ಕೇಳಿದ್ದು ಇದ ಮೊದಲ. ಚಲೋ ಹೇಳತೀರಿ. ಕೂಡ್ರಿ ಹಿಂಗ, ಇನ್ನೊಮ್ಮೆ ಕೇಳೂಣು."

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕತ್ತಲಿತ್ತು, ಮುಖ ಕಾಣಲಿಲ್ಲ, ಅದೇ ಪುಣ್ಯ. ಅವಳ ಬಾಜು ಕೂತೆ. ಕುದುರೆ ಬಂತು, ದೇಸಾಯರು ಇಳಿದರು, ಜೋಳದ ಕಥೆ ಶುರು ಮಾಡಿದರು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿ ಚಹಾ ಬೇಕೇಬೇಕು ಅನ್ನಿಸಿತು. ಪಕ್ಕಕ್ಕೆ ತಿರುಗಿ ನೋಡಿದೆ. ಗಿರಿಜೆ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. ದೇಸಾಯರು ಅಪ್ಪಣೆ ಕೊಡುವ ತನಕ ನಾನು ಬಾಯಿ ಮುಚ್ಚಿಕೊಂಡು ಕೂತೆ.