ಅಪರಾಧದ ಗೋಡೆಗೊಂದು ಹೆಸರು

ಸಾಮಾನಿಗಿಂತ ಮೊದಲು ಕಲ್ಲು ಬಂದದ್ದೇ ತಪ್ಪಾಯಿತು. ಶಹಾಬಾದಿನಿಂದ ಎರಡು ಬಂಡಿ ನುಣುಪು ಕಲ್ಲು ಬಂದು ಚಿತ್ತಾಪುರದ ಹಳೆ ಠಾಣೆಯ ಮುಂದೆ ಬಿದ್ದವು. ಪೊಲೀಸ್ ಆಕ್ಷನ್ನಿನಲ್ಲಿ ನಿಜಾಮರ ರಾಜ್ಯ ಹೋಗಿ ಐದು ವರ್ಷವಾಗಿತ್ತು. ಠಾಣೆ ಹೊಸ ಕಟ್ಟಡಕ್ಕೆ ಹೋಗಿ, ಹಳೇದರಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಆ ಖೋಲಿಯಲ್ಲಿ ಒಂದು ಗೋಡೆಗೆ ಪೊಲೀಸರ ಹಳೆ ಸಾಮಾನು, ಎದುರಿನ ಗೋಡೆಗೆ ಕಳ್ಳರ ಹಳೆ ಸಾಮಾನು ಇಟ್ಟು ಮಂದಿಗೆ ತೋರಿಸಬೇಕಂತ ಊರ ಹಿರಿಯರು ಮಂಡಳಿ ಮಾಡಿದ್ದರು. ಮಂಡಳಿಯಿಂದ ಯಾವ ಮೆಂಬರನಿಗೂ ಲಾಭ ಇರಕೂಡದು ಅಂತ ಮೊದಲನೇ ಕಲಮು. ಸಾಮಾನು ಕೊಟ್ಟವರ ಹೆಸರು ಕಲ್ಲಿನಲ್ಲಿ ಕೊರೆಸಿ ಅದರ ಕೆಳಗೆ ಹಚ್ಚಬೇಕು, ಹೆಸರಿಲ್ಲದ ಸಾಮಾನು ಒಳಗೆ ಬರಕೂಡದು ಅಂತ ಎರಡನೇದು.

ನಮ್ಮ ಕಡೆ ಗುಡಿಗೆ ಒಂದು ಗಂಟೆ ಕೊಟ್ಟರೂ ಕಲ್ಲಿನಲ್ಲಿ ಹೆಸರು ಬೇಕು. ಅದಕ್ಕೇ ಪೊಲೀಸರ ಗೋಡೆ ಎಂಟು ದಿನದಲ್ಲಿ ತುಂಬಿತು. ಅಧ್ಯಕ್ಷ ಬಸವಂತರಾಯರು ತಮ್ಮ ಮುತ್ಯಾನ ಲಾಠಿ ಕೊಟ್ಟರು. ಕಾಳಗಿಯವರು ಬೇಡಿ ಕೊಟ್ಟರು. ದಂಡೋತಿಯವರು ಕೈದಿಯ ಕಾಲಿಗೆ ಹಾಕುತ್ತಿದ್ದ ಮರದ ಖೋಡಾ ತಂದರು. ಹೆಸರು ಸಣ್ಣದಾಯಿತೆಂದು ಜಗಳಾಡಿ ಎರಡನೇ ಸಲ ಕೊರೆಸಿದರು. ಅಪರಾಧದ ಗೋಡೆ ಮಾತ್ರ ಮದುಮಗನ ಗದ್ದದಂಗ ನುಣ್ಣಗೆ ಉಳಿಯಿತು. ಕಳ್ಳನ ಸಾಮಾನಿನ ಕೆಳಗೆ ತನ್ನ ಹೆಸರು ಕೊರೆಸಿಕೊಳ್ಳಲು ಯಾರು ಮುಂದೆ ಬಂದಾರು?

ಇದರ ಬಿಸಿ ತಟ್ಟಿದ್ದು ಅಂಬಾರಾಯನಿಗೆ. ನಿಜಾಮರ ಕಾಲದಲ್ಲಿ ಅವನು ಅದೇ ಠಾಣೆಯ ಜವಾನ. ರಾಜ್ಯ ಬದಲಾದಾಗ ನೌಕರಿ ಹೋಯಿತು. ಐದು ವರ್ಷದಿಂದ ಕೈಗೆ ಸಿಕ್ಕ ಕೂಲಿ ಮಾಡುತ್ತಿದ್ದ. ಆ ಖೋಲಿಗೆ ಸರಕಾರದ ಪಗಾರದ ಮೇಲೆ ಒಬ್ಬ ಕಾವಲುಗಾರ ಬೇಕಾಗಿದ್ದ. ಆ ಜಾಗದ ಮೇಲೆ ಅಂಬಾರಾಯನ ಜೀವವೇ ಇತ್ತು. ಮಂಡಳಿ ಕೂಡಿದಾಗಲೆಲ್ಲ ಚಾಪೆ ಹಾಸುತ್ತಿದ್ದವನು ಅವನೇ.

ಅವತ್ತು ಮುಂಜಾನೆ ಬಸವಂತರಾಯರು ಕರೆಸಿದರು.

"ಗುಲಬರ್ಗಾದ ದೊಡ್ಡ ಸಾಹೇಬ್ರು ಖೋಲಿ ನೋಡಿ ಮಂಜೂರ ಮಾಡಾಕ ಸಂಜೀ ಗಾಡಿಗಿ ಬರ್ಲಿಕತ್ತಾರ. ಈ ಕಡಿ ಇಷ್ಟ್ ಪೊಲೀಸ್ ಸಾಮಾನು, ಆ ಕಡಿ ಏನೂ ಇಲ್ಲ. 'ಇವ್ರೆಲ್ಲಾ ಯಾರನ್ನ ಹಿಡೀತಿದ್ರು, ಪಾರಿವಾಳನ?' ಅಂದ್ರ ನಾ ಏನ್ ಹೇಳ್ಲಿ? ಒಂದರೇ ಕಳ್ಳನ ಸಾಮಾನು ತಾ. ತಂದಿ ಅಂದ್ರ ಕಾವಲಿಗಿ ನಿನ್ನ ಹೆಸರೇ ಹೇಳ್ತೀನಿ."

"ಸಿಗಲಿಲ್ಲಂದ್ರ?"

"ಖೋಲಿ ಜೋಳದ ಗೋದಾಮಿಗಿ ಹೋಗ್ತದ. ನೀ ಚೀಲ ಹೊರಾಕ ಹೋಗು."

ಅಂಬಾರಾಯ ಮೊದಲು ಹೋದದ್ದು ಭಾಗಮ್ಮನ ಮನೆಗೆ. ಹಿಂದೊಮ್ಮೆ ಆಕೆಯ ಮನೆಗೆ ಕನ್ನ ಬಿದ್ದಿತ್ತು.

"ಭಾಗಮ್ಮಾ, ಅವತ್ತು ಕಳ್ಳ ಏನರೇ ಬಿಟ್ಟು ಹೋಗ್ಯಾನೇನು?"

"ಬಿಟ್ಟು ಹೋಗಾಕ ಅವ ನಮ್ಮ ಬೀಗನೇನು? ಒಲೀ ಮ್ಯಾಗಿನ ಪಲ್ಯಾ ಸುದ್ದಾ ಬಿಟ್ಟಿಲ್ಲ." ಆಮೇಲೆ ಆಚೆ ಈಚೆ ನೋಡಿ ದನಿ ಇಳಿಸಿದಳು. "ನಾ ಹೇಳ್ದೆ ಅನ್ನಬ್ಯಾಡ. ಹಿಂದಿನ ಓಣಿ ದೇವಿಂದ್ರಪ್ಪನ ಪಡಸಾಲ್ಯಾಗ ನೋಡು."

ದೇವಿಂದ್ರಪ್ಪನಿಗೆ ಅರವತ್ತೈದು. ಹಣೆ ತುಂಬ ವಿಭೂತಿ, ಕೈಯಲ್ಲಿ ಹಗ್ಗ ಹೊಸೆಯುವ ಕೆಲಸ. ವಯಸ್ಸಿನಲ್ಲಿದ್ದಾಗ ಅವನು ಕನ್ನ ಹಾಕುತ್ತಿದ್ದದ್ದು, ಬೀಗ ಬಿಚ್ಚುತ್ತಿದ್ದದ್ದು ಚಿತ್ತಾಪುರದ ನಾಯಿಗೂ ಗೊತ್ತು. ಆದರೆ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಗೋಡೆ ಕೊರೆಯುವ ಮೊಳದುದ್ದದ ಕನ್ನಗೋಲು ಗೂಟಕ್ಕೆ ನೇತಾಡುತ್ತಿತ್ತು.

"ಅಣ್ಣಾ, ನಿನ್ನ ಕನ್ನಗೋಲು ಬೇಕಾಗಿತ್ತು."

"ನಂದು ಎಲ್ಲದಪ್ಪಾ?"

"ಗ್ವಾಡಿಗಿ ತೂಗ್ಲಿಕತ್ತದಲ್ಲ."

"ಅದು ಗ್ವಾಡಿದು."

"ಹಂಗಾದ್ರ ಕೊಡು."

"ಕೊಟ್ರ ಕಲ್ಲಿನ್ಯಾಗ ನನ್ನ ಹೆಸರು ಕೊರೀತೀರಿ. ನಲ್ವತ್ತು ವರ್ಷ ಯಾವ ಪೊಲೀಸ್ ಅಮೀನನ ಕೈಗೂ ಸಿಗದ ಹೆಸರು ಈಗ ಕಲ್ಲಕುಟಿಗನ ಕೈಗಿ ಸಿಗಬೇಕೇನು? ನಾ ಕೊಡಂಗಿಲ್ಲ." ದೇವಿಂದ್ರಪ್ಪ ಕೊಡ ಎತ್ತಿಕೊಂಡು ಎದ್ದ. "ನಾ ಬಾವಿಗಿ ಹೊಂಟೀನಿ. ಬಾಗಿಲಾ ತೆರದೇ ಅದ. ತಿಳೀತಿಲ್ಲೊ?"

"ತಿಳೀಲಿಲ್ಲ."

"ಠಾಣೇದಾಗ ಇಂಥವ್ರೇ ಇದ್ರು ನೋಡು, ಅದಕ್ಕೇ ನಾ ಸಿಗಲಿಲ್ಲ," ಅಂದು ಹೊರಟುಹೋದ.

ಅಂಬಾರಾಯನಿಗೆ ತಿಳಿಯಲು ಅರ್ಧ ತಾಸು ಹಿಡಿಯಿತು. ತಿಳಿದ ಮೇಲೆ ಕನ್ನಗೋಲು ಇಳಿಸಿ, ಧೋತರದೊಳಗೆ ತೊಡೆಗೆ ಒತ್ತಿ ಹಿಡಿದು ಹೊರಗೆ ಬಂದ. ಮೊಣಕಾಲು ಮಡಚಲು ಬಾರದೆ ಕೊಕ್ಕರೆಯಂತೆ ನಡೆಯುತ್ತಿದ್ದ. ಓಣಿಯ ತಿರುವಿನಲ್ಲಿ ಭಾಗಮ್ಮ ಕಂಡಳು. ಕಂಡವಳೇ ಓಣಿ ಹಾರಿ ಬೀಳುವಂತೆ ಕೂಗಿದಳು:

"ಕಳ್ಳೋ! ಕಳ್ಳ! ದೇವಿಂದ್ರಪ್ಪನ ಮನಿ ಕಳವಾತೋ!"

"ಭಾಗಮ್ಮಾ, ನೀನೇ ಹೇಳಿದ್ದೆಲ್ಲಾ!"

"ನೋಡು ಅಂದಿದ್ದೆ. ತಗೋ ಅಂದಿದ್ದೆನೇನು?"

ಮಂದಿ ಕೂಡಿತು. ಕಳ್ಳ ಸಿಕ್ಕರೆ ಠಾಣೆಗೆ ಒಯ್ಯಬೇಕು, ಒಯ್ದರು. ಆದರೆ ಕಾಲಿಗೆ ರೂಢಿ ಇದ್ದದ್ದು ಹಳೆ ಠಾಣೆಯ ದಾರಿ. ಅಲ್ಲಿ ಮಂಡಳಿಯೇ ಕೂತಿತ್ತು.

ಮಂಡಳಿಯ ಬರವಣಿಗೆ ಮುನ್ಷಿ ಶಹಾಬುದ್ದೀನನ ಕೈಯಲ್ಲಿ. ಅವನು ಚಸ್ಮಾ ಏರಿಸಿದ. ಅಷ್ಟರಲ್ಲಿ ದೇವಿಂದ್ರಪ್ಪನೂ ಹೆಗಲ ಮೇಲೆ ಕೊಡ ಇಟ್ಟುಕೊಂಡೇ ಬಂದ.

"ದೇವಿಂದ್ರಪ್ಪಾ, ಈ ಮಾಲು ನಿಂದೇನು?"

"ಅಲ್ರೀ. ಇದು ಏನಂತ ಸುದ್ದಾ ನನಗ ಗೊತ್ತಿಲ್ಲ."

"ನಿಂದಲ್ಲಂದ್ರ ಕಳವೇ ಆಗಿಲ್ಲ," ಅಂತ ಮುನ್ಷಿ ಲೇಖನಿ ಕೆಳಗಿಟ್ಟ.

"ಯಾಕಾಗಿಲ್ಲ? ನಾ ಕಣ್ಣಾರ ನೋಡೀನಿ!" ಭಾಗಮ್ಮ ಸೆರಗು ಬಿಗಿದಳು.

"ಕಳವು ಆಗಿಲ್ಲಂದ್ರ ಇದು ಕಳ್ಳನ ಸಾಮಾನೂ ಅಲ್ಲ, ಬರೇ ಮಣ್ಣು ಅಗಿಯೋ ಹಾರಿ," ಬಸವಂತರಾಯರಿಗೆ ಗಾಬರಿಯಾಯಿತು. "ಸಾಹೇಬ್ರಿಗಿ ಹಾರಿ ತೋರಸ್ಲೇನು? ಆಗ್ಯದ ಅಂತ ಬರೀರಿ ಮುನ್ಷಿ!"

"ಬರೀತೀನಿ. ಕಳ್ಳ ಯಾರು?"

ಎಲ್ಲರೂ ಕನ್ನಗೋಲು ನೋಡಿದರು. ಆಮೇಲೆ ಅದನ್ನು ಹಿಡಿದ ಕೈ ನೋಡಿದರು.

"ರಾಯರೇ, ನಿಮ್ಮ ಮಾತಿಗೇ ನಾ ತಂದೀನ್ರಿ!" ಅಂಬಾರಾಯ ಅಳುವಂತಾದ.

"ಶಾಬಾಶ್! ಅದಕ್ಕೇ ತಂದವನ ಹೆಸರು ಕೊರೀಬೇಕು. ಎರಡನೇ ಕಲಮು."

ಬೆನ್ನು ತಟ್ಟುವವರು ತಟ್ಟಿದರು, ಬೈಯುವವರು ಬೈದರು. ತಾನು ದಾನಿಯೋ ಕಳ್ಳನೋ ಅಂಬಾರಾಯನಿಗೇ ತಿಳಿಯಲಿಲ್ಲ. ಎರಡು ತಾಸಿನಲ್ಲಿ ಕಲ್ಲು ತಯಾರಾಯಿತು: 'ಕನ್ನಗೋಲು. ಕದ್ದವರು ಅಂಬಾರಾಯ, ವಾಸ ಚಿತ್ತಾಪುರ.' ಹೆಸರಿನ ಮುಂದೆ ಶ್ರೀ ಆದರೂ ಹಾಕ್ರಿ ಅಂತ ಅವನು ಬೇಡಿಕೊಂಡ. ಹಾಕಿದರು.

ಸಂಜೆ ವಾಡಿ ಕಡೆಯ ಗಾಡಿಗೆ ಸಾಹೇಬರು ಬಂದರು. ಪೊಲೀಸರ ಗೋಡೆಯ ಮುಂದೆ ಆಕಳಿಸಿದರು. ಅಪರಾಧದ ಗೋಡೆಯ ಮುಂದೆ ನಿಂತೇಬಿಟ್ಟರು. ಬಸವಂತರಾಯರ ಎದೆ ಉಬ್ಬಿತು. ಕೊಟ್ಟ ಮಾತಿನಂತೆ ಅಂಬಾರಾಯನನ್ನು ಮುಂದೆ ತಳ್ಳಿದರು.

"ಕಾವಲಿಗಿ ಇವನೇ ನಮ್ಮ ಮನಷಾ ಸಾಹೇಬ್ರೆ. ಅಂಬಾರಾಯ."

ಸಾಹೇಬರು ಕಲ್ಲು ಓದಿದರು. ಅಂಬಾರಾಯನನ್ನು ನೋಡಿದರು. "ಇದೇ ಅಂಬಾರಾಯನೇನು?"

"ಹೌದ್ರೀ!" ಇಡೀ ಮಂಡಳಿ ಒಂದೇ ದನಿಯಲ್ಲಿ ಹೇಳಿತು.

ಸಾಹೇಬರ ಮುಖ ಗಂಟಾಯಿತು. ಕಳ್ಳನ ಕೈಗೆ ಸರಕಾರದ ಕೀಲಿಕೈ ಕೊಡುವ ಊರನ್ನು ತಾವು ನೋಡಿಲ್ಲ ಅಂದರು. ಠಾಣೆಯ ದಫ್ತರಿನಲ್ಲಿ ಎಂದೂ ಹೆಸರು ಬೀಳದ ಒಬ್ಬ ಸಭ್ಯ ಮನುಷ್ಯನನ್ನು ಈಗಲೇ ತೋರಿಸಿರಿ ಅಂದರು. ಮುನ್ಷಿ ಖೋಲಿಯಲ್ಲೇ ಉಳಿದಿದ್ದ ಹಳೆ ದಫ್ತರು ಬಿಚ್ಚಿದ. ಬಸವಂತರಾಯರದು ಬದುವಿನ ಜಗಳ. ಭಾಗಮ್ಮನ ಗಂಡನದು ಎಮ್ಮೆ ಪರರ ಹೊಲ ಮೇಯ್ದದ್ದು. ಮುನ್ಷಿಯದೇ ಒಂದು, ದೀಪವಿಲ್ಲದ ಸೈಕಲ್ಲಿನದು. ಹಾಳೆ ತಿರುವಿ ತಿರುವಿ ಕಡೆಗೆ ಕತ್ತೆತ್ತಿದ.

"ಒಬ್ಬನ ಹೆಸರು ಮಾತ್ರ ಎಲ್ಲೂ ಇಲ್ರೀ. ಒಂದು ಗೆರಿ ಸುದ್ದಾ ಇಲ್ಲ. ದೇವಿಂದ್ರಪ್ಪ."

ಊರೇ ಬಾಯಿ ತೆರೆಯಿತು, ಊರೇ ಮುಚ್ಚಿಕೊಂಡಿತು. ರುಜುವಾತು ಯಾರ ಹತ್ತಿರ ಇತ್ತು? ಸಾಹೇಬರು ಮುಂದೆ ಬಂದು, ಕೀಲಿಕೈ ದೇವಿಂದ್ರಪ್ಪನ ಕೈಯಲ್ಲಿಟ್ಟು, ಇಂಥವರಿಂದಲೇ ಮಳೆ ಬೆಳೆ ಅಂದು ಗಾಡಿಗೆ ಹೋದರು.

ಮಂದಿ ಚದುರಿತು. ಅಂಬಾರಾಯ ಮೆಟ್ಟಿಲ ಮೇಲೆ ಕೂತೇ ಇದ್ದ. ಬಾಗಿಲ ಹತ್ತಿರ ದೇವಿಂದ್ರಪ್ಪ ಬೀಗದ ಜೊತೆ ಗುದ್ದಾಡುತ್ತಿದ್ದ. ಕೀಲಿಕೈಯನ್ನು ಬೋರಲು ಹಿಡಿದ, ಅಂಗಾತ ಹಿಡಿದ, ಊದಿ ನೋಡಿದ.

"ಏ ಅಂಬಾರಾಯ, ಬಾರಪಾ ಇಲ್ಲಿ. ಇದನ್ನ ಹೆಂಗ ಹಾಕ್ತಾರ?"

"ಇಡೀ ತಾಲೂಕಿನ ಬೀಗ ಬಿಚ್ಚಿದಾಂವ ನೀ. ನನಗ ಕೇಳ್ತೀ?"

"ಬಿಚ್ಚಿ ಗೊತ್ತದಪಾ. ಹಾಕಿ ಗೊತ್ತಿಲ್ಲ."

ಅಂಬಾರಾಯ ಎದ್ದು ಬಂದು ಕೀಲಿಕೈ ತಿರುವಿ ಬೀಗ ಹಾಕಿದ, ಎರಡು ಸಲ ಜಗ್ಗಿ ನೋಡಿದ, ಕೀಲಿಕೈ ವಾಪಸು ಕೊಟ್ಟ. ದೇವಿಂದ್ರಪ್ಪ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹೆಗಲ ಮೇಲೆ ಕೈ ಇಟ್ಟ.

"ದಿನಾ ಸಂಜೀಕ ಹಿಂಗೇ ಬಂದು ಹಾಕಿ ಹೋಗು. ಮುಂಜಾನಿ ತೆಗಿಯೋದು ನಾ ನೋಡ್ಕೋತೀನಿ."